ತಾರೀಖಿಲ್ಲದ ಕವಿ, ನಮ್ಮ ದೇವನೂರಿನ ಲಕ್ಷ್ಮೀಶ

ಕಡೂರು: ‘ಇತಿಹಾಸದಲ್ಲಿ ಈ ದಿನ’ ಅಂತ ಯಾವ ಪಟ್ಟಿ ತೆಗೆದರೂ ಲಕ್ಷ್ಮೀಶನ ಹೆಸರು ಸಿಗೋದಿಲ್ಲ. ಹುಟ್ಟಿದ ದಿನವಾಗಲಿ, ತೀರಿಕೊಂಡ ದಿನವಾಗಲಿ ದಾಖಲಾಗಿಲ್ಲ. 16ನೇ ಶತಮಾನದವನು ಅಂತ ಕೆಲವರು, 17ನೇ ಶತಮಾನ ಅಂತ ಮತ್ತೆ ಕೆಲವರು. ಸುರಪುರದ ಕಡೆಯವನು ಅನ್ನೋ ವಾದವೂ ಇದೆ. ಆದರೂ ಹೆಚ್ಚಿನ ವಿದ್ವಾಂಸರು ಒಪ್ಪೋದು ಕಡೂರು ತಾಲ್ಲೂಕಿನ ದೇವನೂರನ್ನೇ. ತಾರೀಖು ನೋಡಿ ಜಯಂತಿ ಮಾಡೋ ಕಾಲದಲ್ಲಿ ಕವಿಗೆ ಇದು ನಷ್ಟವೇ.

ತನ್ನ ಬಗ್ಗೆ ಅವನು ಹೇಳಿಕೊಂಡಿದ್ದು ಬಹಳ ಕಡಿಮೆ. ಭಾರದ್ವಾಜ ಗೋತ್ರ, ತಂದೆಯ ಹೆಸರು ಅಣ್ಣಮಾಂಕ, ದೇವರು ಲಕ್ಷ್ಮೀರಮಣ. ಅವನ ‘ಜೈಮಿನಿ ಭಾರತ’ದ ಅಂಕಿತವೂ ಆ ದೇವರದ್ದೇ, ಯಾವ ರಾಜನದ್ದೂ ಅಲ್ಲ. ವಾರ್ಧಕ ಷಟ್ಪದಿ, 34 ಸಂಧಿ, 1,900ಕ್ಕೂ ಹೆಚ್ಚು ಪದ್ಯ. ಕುರುಕ್ಷೇತ್ರ ಯುದ್ಧ ಮುಗಿದ ಮೇಲೆ ಧರ್ಮರಾಯ ಬಿಟ್ಟ ಅಶ್ವಮೇಧದ ಕುದುರೆಯ ಹಿಂದೆ ಕಥೆ ಓಡುತ್ತದೆ.

ಅದರಲ್ಲಿ ಜನ ಮರೆಯದ್ದು ಚಂದ್ರಹಾಸನ ಕಥೆ. ಈ ಹುಡುಗನಿಗೆ ವಿಷ ಕೊಡು ಅಂತ ಮಗ ಮದನನಿಗೆ ಓಲೆ ಬರೆದ ಮಂತ್ರಿ ದುಷ್ಟಬುದ್ಧಿ, ಅದನ್ನು ಆ ಹುಡುಗನ ಕೈಯಲ್ಲೇ ಕಳಿಸುತ್ತಾನೆ. ದಾರಿಯಲ್ಲಿ ತೋಟದಲ್ಲಿ ಮಲಗಿದ್ದವನ ಓಲೆ ಮಂತ್ರಿಯ ಮಗಳು ವಿಷಯೆಯ ಕಣ್ಣಿಗೆ ಬೀಳುತ್ತೆ. ಒಂದೇ ಒಂದು ಅಕ್ಷರ ತಿದ್ದುತ್ತಾಳೆ. ‘ವಿಷ’ ಹೋಗಿ ‘ವಿಷಯೆ’ ಆಯ್ತು, ಸಾಯಬೇಕಿದ್ದವನಿಗೆ ಮದುವೆ!

ಓದು ಬಾರದವರೂ ಗಮಕಿಗಳ ಬಾಯಲ್ಲಿ ಇದನ್ನು ಕೇಳಿಯೇ ಕಲಿತರು. ಯಕ್ಷಗಾನ, ತಾಳಮದ್ದಳೆಯಲ್ಲೂ ಚಂದ್ರಹಾಸ ಇದ್ದಾನೆ. 1852ರಲ್ಲಿ ಸ್ಯಾಂಡರ್ಸನ್ ಅನ್ನೋ ಪಾದ್ರಿ ಬೆಂಗಳೂರಿನಲ್ಲಿ ಈ ಕಾವ್ಯವನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದ. ದೇವನೂರಿನಲ್ಲಿ ಕವಿಯ ದೇವರ ಗುಡಿ ಈಗಲೂ ಇದೆ.