ಎಂಬಿ, ಜಿಬಿ ಲೆಕ್ಕಕ್ಕೆ ಬುನಾದಿ ಹಾಕಿದ ಕ್ಲಾಡ್ ಶಾನನ್

ಮೊಬೈಲ್‌ನಲ್ಲಿ ವಿಡಿಯೋ ಡೌನ್‌ಲೋಡ್ ಮಾಡುವ ಮುನ್ನ ಅದರ ಗಾತ್ರ 15.3 ಎಂಬಿ ಎಂದು ಕಾಣಿಸುತ್ತದೆ. ಫೋನಿನೊಳಗೆ ಇರುವುದು ಮಾತ್ರ 1,53,42,080 ಬೈಟ್ ಎಂಬ ಉದ್ದನೆಯ ಸಂಖ್ಯೆ. ಅದನ್ನು ನೋಡಿ ಇವತ್ತಿನ ಡೇಟಾ ಸಾಕಾಗುತ್ತದೋ ಇಲ್ಲವೋ ಎಂದು ಹೇಳುವುದು ಯಾರಿಗಾದರೂ ಕಷ್ಟವೇ. ಹಾಗಾಗಿ ಆಪ್‌ನ ಕೋಡ್ ಅದನ್ನು ಭಾಗಿಸಿ, ನಮಗೆ ಅರ್ಥವಾಗುವ ಅಳತೆಗೆ ಇಳಿಸಿ ತೋರಿಸುತ್ತದೆ. ಆದರೆ ಭಾಗಿಸಬೇಕಾದರೂ ಮೊದಲು ಮಾಹಿತಿಗೊಂದು ಅಳತೆ ಬೇಕಲ್ಲ! ಹಾಲಿಗೆ ಲೀಟರ್, ಅಕ್ಕಿಗೆ ಕಿಲೋ ಇದ್ದಂತೆ ಮಾಹಿತಿಗೂ ಅಳತೆ ಕೊಟ್ಟವರು ಅಮೆರಿಕದ ಕ್ಲಾಡ್ ಶಾನನ್.

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಮಿಷಿಗನ್ ರಾಜ್ಯದ ಪೆಟೋಸ್ಕಿಯಲ್ಲಿ. ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ. ತಾಯಿ ಅಲ್ಲಿನ ಹೈಸ್ಕೂಲ್ ಮುಖ್ಯಶಿಕ್ಷಕಿ, ತಂದೆ ವ್ಯಾಪಾರಿ, ಕೆಲಕಾಲ ನ್ಯಾಯಾಧೀಶರೂ ಆಗಿದ್ದರು. ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಸಂದೇಶ ಕಳಿಸಲು ಹುಡುಗ ಶಾನನ್ ಬಳಸಿದ್ದು ಹೊಲದ ಬೇಲಿಯ ಮುಳ್ಳುತಂತಿಯನ್ನು. ಅದೇ ಅವರ ಟೆಲಿಗ್ರಾಫ್ ಲೈನ್!

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗಣಿತ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡರಲ್ಲೂ ಪದವಿ ಪಡೆದು 1936ರಲ್ಲಿ ಎಂಐಟಿ ಸೇರಿದರು. ಸ್ವಿಚ್ ಆನ್ ಅಥವಾ ಆಫ್ ಎನ್ನುವ ಎರಡೇ ಸ್ಥಿತಿಗಳಿಂದ ತರ್ಕದ ಯಾವ ಲೆಕ್ಕವನ್ನಾದರೂ ಮಾಡಬಹುದು ಎಂದು ಮರುವರ್ಷವೇ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ಆಗ ವಯಸ್ಸು 21. ಇಂದಿನ ಪ್ರತಿಯೊಂದು ಚಿಪ್ಪೂ ನಡೆಯುವುದು ಆ ವಿಚಾರದ ಮೇಲೆಯೇ.

ಯುದ್ಧದ ವರ್ಷಗಳಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಗೂಢಲಿಪಿಯ ಕೆಲಸ. 1943ರಲ್ಲಿ ಬ್ರಿಟನ್‌ನಿಂದ ಬಂದಿದ್ದ ಅಲನ್ ಟ್ಯೂರಿಂಗ್ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತನಾಡುತ್ತಿದ್ದರು. ಇಬ್ಬರೂ ತಮ್ಮ ಗುಪ್ತ ಕೆಲಸದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಹಾಗಾಗಿ ಯೋಚಿಸುವ ಯಂತ್ರಗಳ ಬಗ್ಗೆ ಚರ್ಚೆ ನಡೆಯುತ್ತಿತ್ತು.

ದೊಡ್ಡ ಕೆಲಸ ಹೊರಬಂದದ್ದು 1948ರಲ್ಲಿ. ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೆಲ್ ಲ್ಯಾಬ್ಸ್ ಪತ್ರಿಕೆ ಅವರ ದೀರ್ಘ ಲೇಖನವೊಂದನ್ನು ಎರಡು ಕಂತಿನಲ್ಲಿ ಪ್ರಕಟಿಸಿತು. ಪ್ರೇಮಪತ್ರವೋ ಕರೆಂಟ್ ಬಿಲ್ಲೋ, ಸಾಗಿಸುವ ತಂತಿಗೆ ಅದರ ಅರ್ಥ ಬೇಕಿಲ್ಲ. ಅರ್ಥವನ್ನು ಬದಿಗಿಟ್ಟರೆ ಮಾಹಿತಿಯನ್ನು ಅಳೆಯಬಹುದು ಎಂಬುದೇ ಶಾನನ್ ಹಿಡಿದ ದಾರಿ. ನಾಣ್ಯ ಚಿಮ್ಮಿದಾಗ ಬೀಳುವುದು ಹೆಡ್ಡೋ ಟೇಲೋ ಎಂಬ ಒಂದು ಉತ್ತರವೇ ಒಂದು ಬಿಟ್. ಬಿಟ್ ಎಂಬ ಪದ ಸಹೋದ್ಯೋಗಿ ಜಾನ್ ಟ್ಯೂಕಿ ಸೂಚಿಸಿದ್ದು ಎಂದು ಲೇಖನದಲ್ಲೇ ಹೇಳಿದ್ದಾರೆ. ಸದ್ದುಗದ್ದಲ ತುಂಬಿದ ಲೈನ್‌ನಲ್ಲೂ ಒಂದು ಮಿತಿಯೊಳಗಿನ ವೇಗದಲ್ಲಿ ತಪ್ಪುಗಳನ್ನು ಬಹುತೇಕ ಶೂನ್ಯಕ್ಕೆ ಇಳಿಸಿ ಸಂದೇಶ ಕಳಿಸಬಹುದು ಎಂದೂ ಸಾಬೀತುಪಡಿಸಿದರು. ಎಂಜಿನಿಯರ್‌ಗಳಿಗೆ ಅದನ್ನು ಕಾರ್ಯರೂಪಕ್ಕೆ ತರಲು ದಶಕಗಳೇ ಬೇಕಾದವು.

ಅಳತೆ ಸಿಕ್ಕ ಮೇಲೆ ಅಳೆಯದೆ ಇರಲಾದೀತೇ? 1949ರ ಜುಲೈನಲ್ಲಿ ಶಾನನ್ ಒಂದು ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಪಟ್ಟಿ ಮಾಡಿದರು. ಪಂಚ್ ಕಾರ್ಡ್ ಒಂದಕ್ಕೆ ಸಾವಿರಕ್ಕಿಂತ ಸ್ವಲ್ಪ ಕಡಿಮೆ ಬಿಟ್, ಟೈಪ್ ಮಾಡಿದ ಪುಟಕ್ಕೆ ಸುಮಾರು 10 ಸಾವಿರ. ಗ್ರಾಮಫೋನ್ ತಟ್ಟೆ, ವಿಶ್ವಕೋಶ, ಒಂದು ಗಂಟೆಯ ಟಿವಿ ಹೀಗೆ ಪಟ್ಟಿ ಮೇಲೇರುತ್ತದೆ. ಮನುಷ್ಯನ ವಂಶವಾಹಿಗಳಿಗೂ ಒಂದು ಅಂದಾಜು ಹಾಕಿದ್ದರು. ಅದು ಮಾತ್ರ ತೀರಾ ಕಡಿಮೆಯಾಗಿತ್ತು. ಕೊನೆಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, 100 ಲಕ್ಷ ಕೋಟಿ ಬಿಟ್. ಇಂದು 128 ಜಿಬಿಯ ನೂರು ಫೋನ್ ಒಟ್ಟುಗೂಡಿಸಿದರೆ ಹೆಚ್ಚೂಕಡಿಮೆ ಅಷ್ಟಾಗುತ್ತದೆ. ಬರೀ ಸಂಖ್ಯೆ ಜನರಿಗೆ ಏನೂ ಹೇಳುವುದಿಲ್ಲ, ಪಕ್ಕದಲ್ಲಿ ಗೊತ್ತಿರುವ ವಸ್ತು ಇಡಬೇಕು ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ.

ಬೈಟ್ ಎಂಬ ಹೆಸರು ಶಾನನ್ ಅವರದ್ದಲ್ಲ. ಅದು 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಇಟ್ಟದ್ದು; ಮುಂದೆ 8 ಬಿಟ್‌ಗೆ ಒಂದು ಬೈಟ್ ಎಂದು ಗಟ್ಟಿಯಾಯಿತು. ಗೊಂದಲ ಶುರುವಾದದ್ದು ಆಮೇಲೆ. ಕಿಲೋ ಎಂದರೆ ಸಾವಿರ. ಆದರೆ ಎರಡರ ಲೆಕ್ಕದಲ್ಲಿ ನಡೆಯುವ ಕಂಪ್ಯೂಟರ್‌ಗೆ 1024 ಅನುಕೂಲ. ಮೇಲೆ ಹೇಳಿದ ವಿಡಿಯೋವನ್ನೇ 1024ರಿಂದ ಎರಡು ಬಾರಿ ಭಾಗಿಸಿದರೆ 15.3 ಬದಲು 14.6 ಎಂಬಿ! 1024ರ ಲೆಕ್ಕಕ್ಕೆ ಕಿಬಿ, ಮೆಬಿ ಎಂಬ ಬೇರೆ ಹೆಸರುಗಳು 1998ರಲ್ಲಿ ಬಂದರೂ ಜನರ ಬಾಯಿಗೆ ಹತ್ತಲಿಲ್ಲ. ಆಂಡ್ರಾಯ್ಡ್ 8ನೇ ಆವೃತ್ತಿಯಿಂದ ಫೈಲ್ ಗಾತ್ರ ತೋರಿಸುವ ಕೋಡ್ ಸಾವಿರದ ಲೆಕ್ಕಕ್ಕೆ ಬದಲಾಯಿತು. ಹಳೆಯ ಫೋನಿನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಅಂಕಿ ಕಂಡರೆ ಫೈಲ್ ಕೆಟ್ಟಿದೆ ಎಂದೇನಲ್ಲ.

ಇತ್ತ ಶಾನನ್‌ಗೆ ಕೀರ್ತಿಗಿಂತ ಆಟಿಕೆಗಳೇ ಪ್ರಿಯವಾಗಿದ್ದವು. 1949ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸಕ್ಕಿದ್ದ ಬೆಟ್ಟಿ ಮೂರ್ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಜಟಿಲ ದಾರಿಯಲ್ಲಿ ತಾನೇ ಹಾದಿ ಕಲಿಯುವ ಯಂತ್ರದ ಇಲಿಯನ್ನು ತಯಾರಿಸಿದರು. 1956ರಲ್ಲಿ ಎಂಐಟಿಗೆ ಮರಳಿ 1978ರವರೆಗೆ ಅಲ್ಲಿದ್ದರು. ಒಂಟಿಚಕ್ರದ ಸೈಕಲ್, ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ವಿದ್ಯೆ ಎರಡೂ ಕರಗತ. ರೋಮನ್ ಅಂಕಿಗಳಲ್ಲೇ ಲೆಕ್ಕ ಮಾಡುವ ಒಂದು ಕ್ಯಾಲ್ಕುಲೇಟರನ್ನೂ ಕಟ್ಟಿದ್ದರು. ಯಾರಿಗೂ ಉಪಯೋಗಕ್ಕೆ ಬಾರದ ಯಂತ್ರ, ಅದೇ ಅದರ ಮೋಜು.

ಕೊನೆಯ ವರ್ಷಗಳು ಕಠೋರವಾಗಿದ್ದವು. ಮಾಹಿತಿಗೆ ಅಳತೆ ಕೊಟ್ಟ ತಲೆಯೊಳಗಿನ ನೆನಪನ್ನೇ ಆಲ್ಝೈಮರ್ ಕಾಯಿಲೆ ಅಳಿಸುತ್ತಾ ಹೋಯಿತು. ಇಂಟರ್‌ನೆಟ್ ಮನೆಮನೆಗೆ ಬಂದ ಹೊತ್ತಿಗೆ, ಅದು ತನ್ನ ಲೆಕ್ಕದ ಮೇಲೆ ನಿಂತಿದೆ ಎಂದು ತಿಳಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. 2000ರಲ್ಲಿ ಗೇಲಾರ್ಡ್‌ನಲ್ಲಿ ಅವರ ಪ್ರತಿಮೆ ಅನಾವರಣವಾಯಿತು. 2001ರ ಫೆಬ್ರವರಿ 24ರಂದು ಮ್ಯಾಸಚೂಸೆಟ್ಸ್‌ನಲ್ಲಿ, 84ನೇ ವಯಸ್ಸಿನಲ್ಲಿ ನಿಧನರಾದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ 5 ಜಿಬಿಯ ಐಪಾಡ್ ಬಿಡುಗಡೆ ಮಾಡಿತು. ಅಂದರೆ 4,000 ಕೋಟಿ ಬಿಟ್. ಜಾಹೀರಾತಿನಲ್ಲಿ ಮಾತ್ರ ಅದನ್ನು ಜೇಬಿನಲ್ಲಿ ಹಿಡಿಸುವ 1,000 ಹಾಡುಗಳು ಎಂದು ಹೇಳಿತು.