ಕೈ ತೊಳೆಯಲು ಹೇಳಿದ ವೈದ್ಯ: ಇಗ್ನಾಜ್ ಸೆಮ್ಮೆಲ್‌ವೈಸ್



ಪಠ್ಯಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಸತ್ಯ ಎಂದು ಬಿ.ಎಸ್ಸಿ. ಓದುವಾಗ ನಾನೂ ನಂಬಿದ್ದೆ. ಆದರೆ ದೊಡ್ಡ ದೊಡ್ಡ ಪ್ರೊಫೆಸರರು ಒಪ್ಪಿಕೊಂಡಿದ್ದ ಒಂದು ತಪ್ಪು ವಿಚಾರದಿಂದ ಸಾವಿರಾರು ತಾಯಂದಿರು ಪ್ರಾಣ ಕಳೆದುಕೊಂಡ ಕಾಲವೊಂದಿತ್ತು. ಆ ತಪ್ಪನ್ನು ಎತ್ತಿ ತೋರಿಸಿದ ವೈದ್ಯರ ಜೀವನವನ್ನು ಈ ಬಾರಿ ತಿಳಿದುಕೊಳ್ಳೋಣ.

ಇಗ್ನಾಜ್ ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ದಿನಸಿ ವ್ಯಾಪಾರಿ. ಹತ್ತು ಮಕ್ಕಳಲ್ಲಿ ಇವರು ಐದನೆಯವರು. ಕಾನೂನು ಓದಲೆಂದು ವಿಯೆನ್ನಾಗೆ ಹೋದವರು ಮನಸ್ಸು ಬದಲಿಸಿ ವೈದ್ಯಶಾಸ್ತ್ರ ಹಿಡಿದು, 1844ರಲ್ಲಿ ಡಾಕ್ಟರಾದರು. 1846ರಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯರಾಗಿ ಸೇರಿದರು.

ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ 4010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3754 ಹೆರಿಗೆಗಳಿಗೆ 105 ಸಾವು. ಇದು ಊರಿಗೆಲ್ಲ ಗೊತ್ತಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಬಡ ಹೆಂಗಸರು ಕೈಮುಗಿದು ಬೇಡುತ್ತಿದ್ದರು. ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತವರಿಗೂ ಬಾಣಂತಿ ಜ್ವರ ಬರುವುದು ಕಡಿಮೆಯಿತ್ತು.

ಕೆಟ್ಟ ಗಾಳಿಯೇ ಈ ಜ್ವರಕ್ಕೆ ಕಾರಣ ಎಂಬುದು ಆ ಕಾಲದ ವಿಜ್ಞಾನ. ಹಾಗಾದರೆ ಒಂದೇ ಆಸ್ಪತ್ರೆಯ ಗಾಳಿ ಒಂದು ವಿಭಾಗಕ್ಕೆ ಮಾತ್ರ ಕೆಡುವುದು ಹೇಗೆ? ಸೆಮ್ಮೆಲ್‌ವೈಸ್ ಒಂದೊಂದೇ ಕಾರಣವನ್ನು ಪರೀಕ್ಷಿಸಿದರು. ಸಾಯುವವರಿಗೆ ಅಂತಿಮ ಸಂಸ್ಕಾರಗಳನ್ನು ಕೊಡಲು ಬರುವ ಗುರುಗಳು ಮೊದಲ ವಿಭಾಗದ ವಾರ್ಡುಗಳನ್ನು ದಾಟಿಯೇ ಹೋಗಬೇಕಿತ್ತು, ಮುಂದೆ ಗಂಟೆ ಬಾರಿಸಲಾಗುತ್ತಿತ್ತು. ಆ ಸದ್ದಿಗೆ ಹೆದರಿ ಬಾಣಂತಿಯರು ಕಾಯಿಲೆ ಬೀಳುತ್ತಾರೇನೋ ಎಂದುಕೊಂಡು, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಅವರು ಗುರುಗಳಲ್ಲಿ ವಿನಂತಿಸಿದರು. ಗುರುಗಳು ಒಪ್ಪಿದರು. ಸಾವು ಮಾತ್ರ ನಿಲ್ಲಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತ ಪ್ರೊಫೆಸರ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದವೇ ಆಗಿದ್ದವು. ಆಗ ಸೆಮ್ಮೆಲ್‌ವೈಸರಿಗೆ ವಿಷಯ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಹೆಣ ಕೊಯ್ದ ಕೈಯಲ್ಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ.

ಮೇ ತಿಂಗಳಿಂದ ಅವರು ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಮ್ಮ ಬ್ಲೀಚಿಂಗ್ ಪೌಡರಿನಂಥದ್ದರಲ್ಲಿ, ಕೈ ತೊಳೆಯಲೇಬೇಕೆಂದು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜುಲೈನಲ್ಲಿ ನೂರಕ್ಕೆ ಒಂದರಷ್ಟಕ್ಕೆ ಇಳಿಯಿತು. 1848ರ ಎರಡು ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಈ ಜಯದೊಳಗೆ ಒಂದು ದೊಡ್ಡ ನೋವೂ ಇತ್ತು. ಜ್ವರದ ಕಾರಣ ಹುಡುಕಲೆಂದು ಇತರರಿಗಿಂತ ಹೆಚ್ಚು ಶವಪರೀಕ್ಷೆ ಮಾಡಿದವರು ಸೆಮ್ಮೆಲ್‌ವೈಸರೇ. ತಮ್ಮ ಕೈಯಿಂದ ಎಷ್ಟು ಹೆಂಗಸರು ಅಕಾಲದಲ್ಲಿ ಸಮಾಧಿ ಸೇರಿದರೋ ದೇವರಿಗೇ ಗೊತ್ತು ಎಂದು ಅವರು ತಮ್ಮ ಪುಸ್ತಕದಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಬೇರೆ ಅನೇಕರಿಂದ ಇದು ಆಗಲಿಲ್ಲ. ವೈದ್ಯನ ಕೈಯೇ ಸಾವು ತರುತ್ತದೆ ಎಂದು ಒಪ್ಪುವುದಕ್ಕಿಂತ ಗಾಳಿಯನ್ನು ದೂರುವುದು ಅವರಿಗೆ ಸುಲಭವಾಗಿತ್ತು.

1849ರಲ್ಲಿ ಅವರ ಕೆಲಸ ಮುಂದುವರಿಯಲಿಲ್ಲ. ಮರುವರ್ಷ ಅವರು ಪೆಸ್ಟ್ ನಗರಕ್ಕೆ ಮರಳಿದರು. ಅಲ್ಲಿನ ಸಂತ ರೋಖ್ ಆಸ್ಪತ್ರೆಯಲ್ಲೂ ಬಾಣಂತಿ ಜ್ವರವನ್ನು ಹತೋಟಿಗೆ ತಂದರು. ಅವರಲ್ಲೂ ಕೊರತೆಗಳಿದ್ದವು. ತಮ್ಮ ಸಂಶೋಧನೆಯ ಪುಸ್ತಕವನ್ನು 1861ರವರೆಗೆ ಹೊರತರಲಿಲ್ಲ. ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಜರೆದು ಕೆಲವು ಗೆಳೆಯರನ್ನೂ ಕಳೆದುಕೊಂಡರು. 1865ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿದಾಗ ಅವರನ್ನು ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ತೀರಿಕೊಂಡರು. ಅವರಿಗೆ ಆಗ 47 ವರ್ಷ. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟರು. ಇಂದು ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮ್ಮೆಲ್‌ವೈಸರ ಹೆಸರಿದೆ.

ಗೆಳೆಯರೇ, ವಿಜ್ಞಾನವೂ ತಪ್ಪುತ್ತದೆ, ತಪ್ಪನ್ನು ಒಪ್ಪಿಕೊಂಡಾಗಲೇ ಅದು ಬೆಳೆಯುತ್ತದೆ. ಪಾಪನಿವೇದನೆಯೂ ನಮಗೆ ಕಲಿಸುವುದು ಇದನ್ನೇ ಅಲ್ಲವೇ? ಕೇಡು ಬಯಸದಿದ್ದರೂ ನಮ್ಮಿಂದ ಕೇಡಾಗಿರಬಹುದು. ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಳ್ಳುವಾಗ ಅದನ್ನೂ ನೆನೆಯೋಣ. ನೆರೆಮನೆಯ ಬಾಣಂತಿಯನ್ನೂ ಮಗುವನ್ನೂ ನೋಡಲು ಹೋದಾಗ, ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯದಿರೋಣ.