ಸೊಲ್ಲಾಪುರದ ಡಾಕ್ಟರು: ದ್ವಾರಕಾನಾಥ ಕೋಟ್ನಿಸ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಮಾಜ ಪಾಠದ ಮೇಷ್ಟ್ರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ ಬರೆಯಲಾ ಸಾರ್ ಎಂದು ಕೇಳಿದೆ. ಅದನ್ನು ಬರೆಯುವವರು ಆಗಲೇ ಮೂರು ಜನ ಇದ್ದಾರೆ, ನೀನು ಬೇರೆ ಏನಾದರೂ ಬರಿ ಎಂದರು. ಹಾಗಾಗಿ ಅವರೇ ನನಗೆ ಒಮ್ಮೆ ಹೇಳಿದ್ದ ಒಬ್ಬ ಡಾಕ್ಟರ ಜೀವನವನ್ನು, ಅವರು ಹೇಳದೆ ಬಿಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಜೊತೆ ಓದಿದವರಿಗೆ ನೆನಪಿರಬಹುದು. ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವನು ಬಿದ್ದುಬಿಟ್ಟೆ. ಫಿಟ್ಸ್. ಯಾರೋ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ಕೊಟ್ಟರಂತೆ, ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರಂತೆ. (ಎರಡೂ ಬೇಡ ಎಂದು ಈಗ ಗೊತ್ತು. ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕು.) ಅವ್ವ ತಾಯಿತ ಕಟ್ಟಿಸಿದಳು. ಅಪ್ಪ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ, ಮಾತ್ರೆ ಶುರುವಾಯಿತು. ಹತ್ತು ದಿನ ಬಿಟ್ಟು ಶಾಲೆಗೆ ಬಂದೆನಾದರೂ ತಲೆ ಎತ್ತಲು ಆಗುತ್ತಿರಲಿಲ್ಲ. ಇವನು ಇನ್ನು ಓದಿ ಮಾಡುವುದೇನಿದೆ ಎಂದು ನೆಂಟರೊಬ್ಬರು ಅಪ್ಪನಿಗೆ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿತ್ತು.

ಆ ವಾರವೇ ಮೇಷ್ಟ್ರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರ್ ಕೋಟ್ನಿಸ್ ಅವರ ಕಥೆ ಹೇಳಿದರು. ಸೊಲ್ಲಾಪುರದವರು, ಚೀನಾ ದೇಶಕ್ಕೆ ಹೋದರು, ಯುದ್ಧದಲ್ಲಿ ಗಾಯಗೊಂಡವರಿಗೆ ಹಗಲು ರಾತ್ರಿ ಆಪರೇಷನ್ ಮಾಡಿದರು, ಒಂದು ಆಸ್ಪತ್ರೆಯನ್ನೇ ನಡೆಸಿದರು, ಅವರಿಗೂ ಫಿಟ್ಸ್ ಇತ್ತು ಕಣಪ್ಪ. ಇಷ್ಟೇ. ಹೋಗಿ ಲೆಕ್ಕ ಮಾಡು ಎಂದು ಕಳಿಸಿದರು.

ಸೊಲ್ಲಾಪುರ ಎಂದರೆ ನಮ್ಮ ಕಡೆಯವರಿಗೆ ದೂರದ ಊರು. ಆದರೆ ಅದು ನಮ್ಮ ವಿಜಯಪುರ ಜಿಲ್ಲೆಯನ್ನು ದಾಟಿದರೆ ಸಿಗುವ ಊರು, ವಚನಕಾರ ಸಿದ್ಧರಾಮೇಶ್ವರರ ಸೊನ್ನಲಿಗೆ. ಅವರು ಕಟ್ಟಿಸಿದ ಕೆರೆಯ ನಡುವೆ ಅವರ ಗುಡಿ ಇಂದಿಗೂ ಇದೆ. ಈಗ ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡ, ಮರಾಠಿ, ತೆಲುಗು ಮೂರೂ ಅಲ್ಲಿನ ಬೀದಿಯಲ್ಲಿ ಕೇಳುತ್ತವೆ. 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಹುಟ್ಟಿದ್ದು ಆ ಊರಿನಲ್ಲಿ. ಮಕ್ಕಳು ಬಹಳವಿದ್ದ ಸಾಧಾರಣ ಸಂಸಾರ. ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಮುಂದಿನ ಓದಿಗೆ ಸಿದ್ಧರಾಗುತ್ತಿದ್ದರು. ಮನೆಯವರಿಗೂ ಅದೇ ಆಸೆ ಇದ್ದಿರಬೇಕು.

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು. ಗಾಯಾಳುಗಳಿಗೆ ಡಾಕ್ಟರಿಲ್ಲ, ಕಳಿಸಿಕೊಡಿ ಎಂದು ಚೀನಾದ ಸೇನಾನಿ ಝು ದೆ ನೆಹರೂ ಅವರಿಗೆ ಪತ್ರ ಬರೆದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಜನರಿಂದ ಹಣ ಎತ್ತಿಸಿದರು. ನಾವೇ ಇನ್ನೊಬ್ಬರ ಕೈಕೆಳಗಿದ್ದ ಕಾಲದಲ್ಲಿ ಮತ್ತೊಂದು ದೇಶದ ಗಾಯಾಳುಗಳಿಗಾಗಿ ನಮ್ಮ ಜನ ಚಂದಾ ಕೊಟ್ಟರು ಎಂಬುದು ನನಗೆ ಈಗಲೂ ಆಶ್ಚರ್ಯ. ಐವರು ಡಾಕ್ಟರು ಹೊರಟರು: ಹಿರಿಯರಾದ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ನಮ್ಮ ಕೋಟ್ನಿಸ್. 1938ರ ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿದಾಗ ಕೋಟ್ನಿಸರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ.

ಮೊದಲ ತಿಂಗಳುಗಳು ಊರಿಂದ ಊರಿಗೆ ಹಿಂದೆ ಸರಿಯುವುದರಲ್ಲೇ ಹೋದವು. ಜಪಾನಿನ ಸೇನೆ ಮುಂದೆ ಬಂದಂತೆ ಇವರು ವುಹಾನ್ ಬಿಟ್ಟು ಚೊಂಗ್‌ಚಿಂಗ್ ಸೇರಿದರು. ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋಗಿ ಬಾ ಎಂದು ಜೊತೆಯವರು ಹೇಳಿದರೂ ಅವರು ಹೋಗಲಿಲ್ಲ. ಇಲ್ಲಿ ನನಗೆ ಸ್ವಲ್ಪ ಕಷ್ಟವಾಗುತ್ತದೆ. ಮನೆಯಲ್ಲಿ ತಾಯಿ, ತಂಗಿಯರು ಕಾದಿದ್ದರಲ್ಲ? ಅದು ಸರಿಯೋ ತಪ್ಪೋ ಎಂದು ತೀರ್ಮಾನ ಹೇಳುವಷ್ಟು ದೊಡ್ಡವನು ನಾನಲ್ಲ. 1939ರ ಫೆಬ್ರವರಿಯಲ್ಲಿ ಅವರು ಯೆನಾನ್ ತಲುಪಿದರು. ಚೀನೀ ಭಾಷೆ ಕಲಿಯತೊಡಗಿದರು. ಕೆ ದಿಹುವಾ ಎಂಬ ಚೀನೀ ಹೆಸರೂ ಬಂತು.

ಈಗ ಆಸ್ಪತ್ರೆಯ ವಿಷಯ. ಕೋಟ್ನಿಸರಿಗಿಂತ ಮುಂಚೆ ಉತ್ತರ ಚೀನಾದ ಬೆಟ್ಟಗಾಡಿನಲ್ಲಿ ನಾರ್ಮನ್ ಬೆಥೂನ್ ಎಂಬ ಕೆನಡಾದ ಸರ್ಜನ್ ಕೆಲಸ ಮಾಡುತ್ತಿದ್ದರು. 1938ರಲ್ಲಿ ಅವರು ಹಳ್ಳಿಯೊಂದರಲ್ಲಿ ಮಾದರಿ ಆಸ್ಪತ್ರೆ ಕಟ್ಟಿಸಿದರು. ಕೆಲವೇ ವಾರಗಳಲ್ಲಿ ಜಪಾನಿಯರು ಅದನ್ನು ನೆಲಸಮ ಮಾಡಿದರು. ಕಟ್ಟಡ ನಂಬಿ ಕೂತರೆ ಆಗದು ಎಂದು ತಿಳಿದು, ಆಪರೇಷನ್ ಥಿಯೇಟರನ್ನೇ ಹೇಸರಗತ್ತೆಯ ಬೆನ್ನಿಗೆ ಏರಿಸಿದರು. ಒಂದು ಮರದ ಹೇರು, ಅದರೊಳಗೆ ನೂರು ಆಪರೇಷನ್ನಿಗೆ ಬೇಕಾದ ಕತ್ತರಿ, ಚಾಕು, ಬ್ಯಾಂಡೇಜು, ಔಷಧಿ. ಗಾಯಾಳು ಡಾಕ್ಟರನ್ನು ಹುಡುಕಿ ಬರುವುದಲ್ಲ, ಡಾಕ್ಟರೇ ಗಾಯಾಳು ಇದ್ದಲ್ಲಿಗೆ ಹೋಗಬೇಕು ಎಂಬುದು ಅವರ ಕ್ರಮ. ಗಾಯವಾಗಿ ಹೊತ್ತು ಕಳೆದಷ್ಟೂ ಕೀವು ಕಟ್ಟುತ್ತದೆ, ಕೀವಾದರೆ ಕಾಲು ಹೋಗುತ್ತದೆ ಇಲ್ಲವೇ ಜೀವ ಹೋಗುತ್ತದೆ. ಪೆನ್ಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲ. ಆ ಕೀವೇ ಬೆಥೂನರನ್ನೂ ತೆಗೆದುಕೊಂಡಿತು. ಆಪರೇಷನ್ ಮಾಡುವಾಗ ಬೆರಳು ಕುಯ್ದುಕೊಂಡು, ವಿಷವೇರಿ, 1939ರ ನವೆಂಬರ್ 12ರಂದು ತೀರಿಕೊಂಡರು.

ಮರುವರ್ಷ ಕೋಟ್ನಿಸ್ ಮತ್ತು ಬಸು ಆ ಗಡಿ ಪ್ರದೇಶಕ್ಕೆ ಬಂದರು. ಬಸು ಯೆನಾನ್‌ಗೆ ಹಿಂತಿರುಗಿದರು, ಕೋಟ್ನಿಸ್ ಉಳಿದರು. 1940ರ ಕದನಗಳಲ್ಲಿ ಒಮ್ಮೆ ಎಪ್ಪತ್ತೆರಡು ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರು, ಎಂಟುನೂರಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿಕೊಂಡರು ಎಂದು ಅವರ ಚರಿತ್ರೆಯಲ್ಲಿ ಬರುತ್ತದೆ. ಎಲ್ಲರೂ ನೆನೆಯುವುದು ಇದನ್ನೇ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು.

1941ರ ಜನವರಿಯಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಅವರನ್ನು ನಿರ್ದೇಶಕರನ್ನಾಗಿ ಮಾಡಿದರು. ವಯಸ್ಸು ಮೂವತ್ತು. ಹಿಂದೆ ಇದ್ದವರು ದಂತಕಥೆಯಾಗಿಹೋದ ಸರ್ಜನ್, ಇವರು ಎಂ.ಬಿ.ಬಿ.ಎಸ್. ಮುಗಿಸಿ ಕೆಲವೇ ವರ್ಷವಾದವರು, ಅದೂ ಪರದೇಶಿ. ನಾನು ಕಂಪನಿಯಲ್ಲಿ ಎಂಟು ಜನರ ಒಂದು ತಂಡ ನೋಡಿಕೊಳ್ಳುತ್ತೇನೆ. ಅನುಭವಿ ಲೀಡ್ ಬಿಟ್ಟುಹೋದ ಜಾಗಕ್ಕೆ ನನ್ನನ್ನು ಹಾಕಿದಾಗ ಮೂರು ತಿಂಗಳು ಹೊಟ್ಟೆಯಲ್ಲಿ ಸಂಕಟವಿತ್ತು. ನಮ್ಮಲ್ಲಿ ತಪ್ಪಾದರೆ ಒಂದು ಪುಟ ತೆರೆಯುವುದಿಲ್ಲ, ಅಷ್ಟೆ. ಅವರಲ್ಲಿ ತಪ್ಪಾದರೆ ಮನುಷ್ಯ ಏಳುವುದಿಲ್ಲ.

ಆಸ್ಪತ್ರೆ ಎಂದರೆ ನಂಜನಗೂಡಿನಲ್ಲೋ ಮೈಸೂರಿನಲ್ಲೋ ಕಾಣುವ ಕಟ್ಟಡ ಎಂದುಕೊಳ್ಳಬೇಡಿ. ಹೆಬೆ ಪ್ರಾಂತದ ತಾಂಗ್ ಜಿಲ್ಲೆಯ ಗೆಗೊಂಗ್ ಸುತ್ತಿನ ಹಳ್ಳಿಗಳಲ್ಲಿ ರೈತರ ಮನೆಗಳೇ ವಾರ್ಡು. ಶತ್ರು ಸೇನೆ ಬರುತ್ತಿದೆ ಎಂದರೆ ಗಾಯಾಳುಗಳನ್ನು ಹೊತ್ತುಕೊಂಡು ಬೆಟ್ಟ ಏರಬೇಕು. ಸುತ್ತ ದಿಗ್ಬಂಧನ, ಔಷಧಿ ಸುಲಭಕ್ಕೆ ಬಾರದು. ಬ್ಯಾಂಡೇಜನ್ನು ಒಗೆದು ಕುದಿಸಿ ಮತ್ತೆ ಕಟ್ಟಬೇಕು. ಇಂಥ ಕಡೆ ಬೆಳಿಗ್ಗೆ ಆಪರೇಷನ್ ಮಾಡುವವನೇ ಯಾರನ್ನು ಯಾವ ಹಳ್ಳಿಗೆ ಸಾಗಿಸುವುದು, ಇರುವ ಔಷಧಿ ಯಾರಿಗೆ, ಇಲ್ಲ ಎನ್ನುವುದು ಯಾರಿಗೆ ಎಂಬುದನ್ನೂ ತೀರ್ಮಾನಿಸಬೇಕು.

ಇದರ ಜೊತೆಗೆ ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ಪಾಠ. ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರಿಗೆ ಅವರದೇ ಭಾಷೆಯಲ್ಲಿ, ಚೀನೀ ಭಾಷೆಯಲ್ಲಿ, ಸರ್ಜರಿ ಕಲಿಸುತ್ತಿದ್ದರು. ಸರಿಯಾದ ಪುಸ್ತಕವಿಲ್ಲ ಎಂದು ತಾವೇ ಬರೆಯಲು ಕೂತರು. ಒಂದು ಮುಗಿಯಿತು, ಎರಡನೆಯದು ಅರ್ಧ ನಡೆದಿತ್ತು. ಸರ್ಜನ್ ಒಬ್ಬನೇ ಇದ್ದರೆ ಅವನು ಮಲಗಿದ ದಿನ ಆಸ್ಪತ್ರೆಯೂ ಮಲಗುತ್ತದೆ. ಬೆಥೂನರ ಸಾವು ಕಂಡ ಆ ಜಾಗದಲ್ಲಿ ಅದನ್ನು ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಅದೇ ಶಾಲೆಯಲ್ಲಿ ನರ್ಸಿಂಗ್ ಪಾಠ ಹೇಳುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು 1941ರ ಕೊನೆಯಲ್ಲಿ ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಎಂದರೆ ಇಂಡಿಯಾ, ಹುವಾ ಎಂದರೆ ಚೀನಾ.

ಮೇಷ್ಟ್ರು ಹೇಳದೆ ಬಿಟ್ಟದ್ದು ಇಲ್ಲಿಂದ ಮುಂದಿನದು. ಬಿ.ಇ. ಎರಡನೇ ವರ್ಷದಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ನಾನೇ ಓದಿ ತಿಳಿದೆ. ಫಿಟ್ಸ್ ಅವರಿಗೆ ಹುಡುಗನಾಗಿದ್ದಾಗಿನಿಂದ ಇದ್ದ ಕಾಯಿಲೆಯಲ್ಲ, ಚೀನಾದಲ್ಲಿ ಬಂದದ್ದು. ಊಟ ಸರಿಯಿಲ್ಲ, ನಿದ್ದೆಯಿಲ್ಲ, ಕೆಲಸ ಇಳಿಯುವುದಿಲ್ಲ. ಬೇರೆ ಕಡೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದರೂ ಜಾಗ ಬಿಡಲಿಲ್ಲ. 1942ರ ಡಿಸೆಂಬರ್ 9ರಂದು ಒಂದರ ಹಿಂದೆ ಒಂದು ಫಿಟ್ಸ್ ಬಂದು ತೀರಿಕೊಂಡರು. ಮೂವತ್ತೆರಡು ವರ್ಷ. ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಆ ಕಾಲಕ್ಕೂ ಫಿಟ್ಸಿಗೆ ಔಷಧಿ ಇತ್ತು, ಜಗತ್ತಿನ ಬೇರೆ ಕಡೆ.

ಆ ರಾತ್ರಿ ನನಗೆ ಮೇಷ್ಟ್ರ ಮೇಲೆ ಕೋಪ ಬಂದಿತ್ತು. ಕೋಟ್ನಿಸರ ಮೇಲೂ ಬಂದಿತ್ತು. ಎಲ್ಲರ ಜ್ವರ ನೋಡುವ ಆಸ್ಪತ್ರೆಯ ಯಜಮಾನ ತನ್ನ ಕಾಯಿಲೆಗೆ ಒಂದು ವಾರ ರಜೆ ಹಾಕಬಾರದಿತ್ತೇ? ನನ್ನ ತಂಡದ ಹುಡುಗರು ಹುಷಾರಿಲ್ಲದೆ ರಾತ್ರಿ ಕೆಲಸಕ್ಕೆ ಕೂತರೆ ನಾನು ಎಬ್ಬಿಸಿ ಕಳಿಸುತ್ತೇನೆ. ಕಳಿಸುವಾಗಲೆಲ್ಲ ಅವರ ನೆನಪಾಗುತ್ತದೆ. ಆದರೆ ನನ್ನ ಜಾಗಕ್ಕೆ ಇನ್ನೊಬ್ಬ ಸಿಗುತ್ತಾನೆ. ಅಲ್ಲಿ ಇನ್ನೊಬ್ಬ ಇರಲಿಲ್ಲ, ತಯಾರಾಗುತ್ತಿದ್ದರು.

1946ರಲ್ಲಿ ವಿ. ಶಾಂತಾರಾಮ್ ಅವರ ಕಥೆಯನ್ನು ಹಿಂದಿಯಲ್ಲಿ ಸಿನಿಮಾ ಮಾಡಿ ತಾವೇ ಕೋಟ್ನಿಸರ ಪಾತ್ರ ಮಾಡಿದರು. ಎರಡೂ ದೇಶಗಳು ಅವರ ಅಂಚೆಚೀಟಿ ತಂದವು. ಎರಡು ದೇಶಗಳ ನಡುವೆ 1962ರ ಯುದ್ಧವೂ ಆಯಿತು, ಸಮಾಧಿಗೆ ಹೂವಿಡುವುದು ಮಾತ್ರ ಮುಂದುವರಿಯಿತು. ಅವರ ಸಮಾಧಿ ಈಗ ಶಿಜಿಯಾಝುವಾಂಗ್ ನಗರದಲ್ಲಿ, ಬೆಥೂನರ ಸಮಾಧಿ ಇರುವ ಅಂಗಳದಲ್ಲೇ ಇದೆ. ಮಗ ಇನ್‌ಹುವಾ ವೈದ್ಯಕೀಯ ಓದುತ್ತಿದ್ದಾಗಲೇ ತೀರಿಕೊಂಡ. ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡು ಹೋದರು, 2012ರವರೆಗೆ ಬದುಕಿದ್ದರು.

ಕೋಟ್ನಿಸ್ ಸತ್ತಾಗ ಇದ್ದ ವಯಸ್ಸಿಗಿಂತ ನನಗೀಗ ಮೂರು ವರ್ಷ ಹೆಚ್ಚು. ಈ ಲೇಖನ ಮುಗಿಸುವ ಮುಂಚೆ ಮೇಷ್ಟ್ರಿಗೆ ಫೋನ್ ಮಾಡಿ, ಅವರು ಹೇಗೆ ಸತ್ತರು ಎಂದು ನೀವು ಆವತ್ತು ಯಾಕೆ ಹೇಳಲಿಲ್ಲ ಸಾರ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀಯಾ ಎಂದರು. ಡಾಕ್ಟರೇ ನಿಲ್ಲಿಸಿ ಆರು ವರ್ಷವಾಯಿತು ಸಾರ್ ಎಂದೆ. ಸರಿ ಹಾಗಾದರೆ, ಲೇಖನ ಹದಿನೈದನೇ ತಾರೀಕಿನೊಳಗೆ ಕಳಿಸು ಎಂದು ಫೋನಿಟ್ಟರು.